ಮುಗಿದದ್ದು ಯಾವ ಅನಿಮೇಷನ್? ಕಾಲ್‌ಬ್ಯಾಕ್‌ನಲ್ಲಿ ಗುರುತು ಹಿಡಿಯುವ ವಿಧಾನಗಳ ಹೋಲಿಕೆ

ಒಂದೇ ಪರದೆಯಲ್ಲಿ ಮೂರು ಅನಿಮೇಷನ್‌ಗಳು ಓಡುತ್ತಿವೆ ಎಂದುಕೊಳ್ಳೋಣ. ಕೆಳಗಿನಿಂದ ಒಂದು ಫಲಕ ಮೇಲೇರುತ್ತಿದೆ, ಅದರ ಹಿಂದಿನ ಭಾಗ ನಿಧಾನವಾಗಿ ಮಬ್ಬಾಗುತ್ತಿದೆ, ಮೂಲೆಯ ಬಟನ್ ತಿರುಗುತ್ತ ತನ್ನ ಚಿಹ್ನೆಯನ್ನು ಬದಲಿಸಿಕೊಳ್ಳುತ್ತಿದೆ. ಫಲಕ ನಿಂತ ಮೇಲೆ ಕೀಬೋರ್ಡ್ ತೆರೆಯಬೇಕು, ಮಬ್ಬು ಪೂರ್ತಿಯಾದ ಮೇಲೆ ಹಿಂದಿನ ಭಾಗ ಸ್ಪರ್ಶಕ್ಕೆ ಓಗೊಡುವುದನ್ನು ನಿಲ್ಲಿಸಬೇಕು, ಬಟನ್ ತನ್ನ ಸುತ್ತು ಮುಗಿಸಿದ ಮೇಲೆ ಮತ್ತೆ ಒತ್ತುವಂತಾಗಬೇಕು. ಮೂರಕ್ಕೂ ಒಂದೇ ವ್ಯೂ ಕಂಟ್ರೋಲರ್ (ಪರದೆಯನ್ನು ನಿಭಾಯಿಸುವ ವಸ್ತು) ಡೆಲಿಗೇಟ್, ಅಂದರೆ ಸುದ್ದಿ ಪಡೆಯುವ ವಸ್ತು, ಆಗಿರುವುದರಿಂದ ಮುಗಿದ ಸುದ್ದಿಯೆಲ್ಲ ಒಂದೇ ಮೆಥಡ್‌ಗೆ, ಅಂದರೆ ಒಂದೇ ಕಾಲ್‌ಬ್ಯಾಕ್‌ಗೆ, ಬಂದು ಸೇರುತ್ತದೆ, ಮತ್ತು ಆ ಮೆಥಡ್‌ನೊಳಗೆ ಕುಳಿತು ಈಗ ಮುಗಿದದ್ದು ಯಾವುದು ಎಂದು ನಾವು ಕಂಡುಹಿಡಿಯಬೇಕಾಗುತ್ತದೆ.

ಈ ಪ್ರಶ್ನೆಗೆ ಹಲವು ಉತ್ತರಗಳು ಚಲಾವಣೆಯಲ್ಲಿವೆ. ವೇರಿಯಬಲ್‌ನಲ್ಲಿ ಇಟ್ಟುಕೊಂಡ ವಸ್ತುವಿನೊಂದಿಗೆ ಹೋಲಿಸಿ ಎನ್ನುವವರಿದ್ದಾರೆ, ಲೇಯರ್‌ನ (ಐಒಎಸ್‌ನಲ್ಲಿ ವ್ಯೂನ ಚಿತ್ರವನ್ನು ಹೊತ್ತ ಪದರ) ಕೀ ಬಳಸಿ ಎನ್ನುವವರಿದ್ದಾರೆ, ಅನಿಮೇಷನ್‌ಗೇ ಒಂದು ಹೆಸರು ಅಂಟಿಸಿ ಎನ್ನುವವರಿದ್ದಾರೆ, ಡೆಲಿಗೇಟ್‌ನ ಗೊಡವೆಯನ್ನೇ ಬಿಟ್ಟು ಕ್ಲೋಶರ್‌ಗೆ (ಮುಂದೆ ಓಡಿಸಲೆಂದು ಅಲ್ಲೇ ಬರೆದು ಕೊಡುವ ಕೋಡ್ ತುಣುಕು) ಬನ್ನಿ ಎನ್ನುವವರೂ ಇದ್ದಾರೆ. ಇವೆಲ್ಲವೂ ಒಂದಲ್ಲ ಒಂದು ಸನ್ನಿವೇಶದಲ್ಲಿ ಸರಿಯಾಗಿ ಕೆಲಸ ಮಾಡುತ್ತವೆ, ಮತ್ತು ಆಯ್ಕೆ ಕಷ್ಟವಾಗುವುದು ಈ ಕಾರಣಕ್ಕೇ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಅನಿಮೇಷನ್ ಯಾವುದೆಂಬ ಅರಿವು ಅದು ಹುಟ್ಟುವ ಜಾಗದಲ್ಲಿ ಪೂರ್ತಿಯಾಗಿ ಇರುತ್ತದೆ, ಮುಗಿಯುವ ಜಾಗಕ್ಕೆ ಬರುವ ಹೊತ್ತಿಗೆ ಸವೆದಿರುತ್ತದೆ. ಆದುದರಿಂದ ಗುರುತನ್ನು ಹುಟ್ಟಿನಲ್ಲೇ ಕಟ್ಟಿ ಕಳುಹಿಸುವ ವಿಧಾನಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಕೊನೆಯಲ್ಲಿ ಊಹಿಸಿ ಪತ್ತೆಹಚ್ಚುವ ವಿಧಾನಗಳಿಗೆ ಕಡಿಮೆ.

ಯಾವುದರಿಂದ ಅಳೆಯಬೇಕು

ವಿಧಾನಗಳನ್ನು ಒಂದೊಂದಾಗಿ ನೋಡುವ ಮುನ್ನ ಅವುಗಳನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೇವೆ ಎಂಬುದು ಸ್ಪಷ್ಟವಾಗಿರಬೇಕು. ಮೊದಲನೆಯದು, ಗುರುತು ಕೊನೆಯವರೆಗೂ ಉಳಿಯುತ್ತದೆಯೇ ಎಂಬುದು. ನಾವು ಕೊಟ್ಟ ವಸ್ತುವೇ ಕಾಲ್‌ಬ್ಯಾಕ್‌ಗೆ ಮರಳಿ ಬರುತ್ತದೆ ಎಂಬ ಭರವಸೆ ಎಲ್ಲ ವೇದಿಕೆಗಳಲ್ಲೂ ಇಲ್ಲ. ಎರಡನೆಯದು, ಸಹಜವಾಗಿ ಮುಗಿದದ್ದನ್ನೂ ನಡುವೆ ತುಂಡಾದದ್ದನ್ನೂ ಆ ವಿಧಾನ ಬೇರ್ಪಡಿಸಿ ತೋರಿಸುತ್ತದೆಯೇ ಎಂಬುದು. ಬಹಳಷ್ಟು ದೋಷಗಳು ಯಾವ ಅನಿಮೇಷನ್ ಎಂಬ ಗೊಂದಲದಿಂದ ಹುಟ್ಟುವುದಿಲ್ಲ, ಹೇಗೆ ಮುಗಿಯಿತು ಎಂಬ ಗೊಂದಲದಿಂದ ಹುಟ್ಟುತ್ತವೆ. ಮೂರನೆಯದು ಮೆಮೊರಿ: ಗುರುತಿಗಾಗಿ ಹಿಡಿದಿಟ್ಟುಕೊಂಡ ವಸ್ತುಗಳು ಒಂದನ್ನೊಂದು ಹಿಡಿದುಕೊಂಡು ಬಿಡುಗಡೆಯಾಗದೆ ಉಳಿಯಬಾರದು.

ಇವುಗಳ ಜೊತೆಗೆ ಎರಡು ಪ್ರಾಯೋಗಿಕ ಅಳತೆಗಳಿವೆ. ಅನಿಮೇಷನ್‌ಗಳ ಸಂಖ್ಯೆ ಎರಡರಿಂದ ಹತ್ತಕ್ಕೆ ಏರಿದಾಗ ಕೋಡ್ ಓದುವಂತಿರುತ್ತದೆಯೇ? ಈಗಿರುವ ಕೋಡ್‌ಬೇಸ್‌ನಲ್ಲಿ ಆ ವಿಧಾನವನ್ನು ತರಲು ಎಷ್ಟು ಸಮಯ ಬೇಕು? ಹೊಸದಾಗಿ ಬರೆಯುವವರಿಗೂ, ಹತ್ತು ವರ್ಷದ ಹಳೆಯ ಆ್ಯಪ್‌ನ ಒಂದು ಪರದೆಯನ್ನು ಸಂಜೆಯೊಳಗೆ ಸರಿಪಡಿಸಬೇಕಾದವರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ವಸ್ತುವನ್ನೇ ಹೋಲಿಸುವುದು

ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದು. ಅನಿಮೇಷನ್ ರಚಿಸಿದಾಗ ಅದನ್ನು ಒಂದು ಪ್ರಾಪರ್ಟಿಯಲ್ಲಿ ಇಟ್ಟುಕೊಂಡು, ಕಾಲ್‌ಬ್ಯಾಕ್‌ಗೆ ಬಂದ ವಸ್ತು ಅದೇ ಹೌದೋ ಅಲ್ಲವೋ ಎಂದು ನೋಡುವುದು. ಆಂಡ್ರಾಯ್ಡ್‌ನಲ್ಲಿ ಇದು ನಂಬಬಹುದಾದ ದಾರಿ. ಅಲ್ಲಿ ಸುದ್ದಿ ಪಡೆಯುವ ವಸ್ತುವನ್ನು ಲಿಸನರ್ ಎನ್ನುತ್ತಾರೆ. ಹಳೆಯ ವ್ಯೂ ಅನಿಮೇಷನ್ ವ್ಯವಸ್ಥೆಯ ಅನಿಮೇಷನ್ ಲಿಸನರ್ ಆಗಲಿ, 2011ರಲ್ಲಿ ಆಂಡ್ರಾಯ್ಡ್ 3.0ರೊಂದಿಗೆ ಬಂದ ಪ್ರಾಪರ್ಟಿ ಅನಿಮೇಷನ್ ವ್ಯವಸ್ಥೆಯ ಅನಿಮೇಟರ್ ಲಿಸನರ್ ಆಗಲಿ, ನಾವು ಶುರುಮಾಡಿದ ಅದೇ ವಸ್ತುವನ್ನು 'ಆನ್ ಅನಿಮೇಷನ್ ಎಂಡ್' ಮೆಥಡ್‌ಗೆ ತಲುಪಿಸುತ್ತವೆ. ಕೋಟ್ಲಿನ್ ಭಾಷೆಯಲ್ಲಿ ಮೂರು ಸಮ ಚಿಹ್ನೆಗಳ ಹೋಲಿಕೆ ಸಾಕು. ಆಬ್ಜೆಕ್ಟ್ ಅನಿಮೇಟರ್ ಆಗಿದ್ದರೆ ಅದರ ಟಾರ್ಗೆಟ್ ಯಾವ ವ್ಯೂ, ಪ್ರಾಪರ್ಟಿಯ ಹೆಸರೇನು ಎಂಬುದನ್ನೂ ಕೇಳಿ ತಿಳಿಯಬಹುದು.

ಐಒಎಸ್‌ನ ಕೋರ್ ಅನಿಮೇಷನ್ ಎಂಬ ಅನಿಮೇಷನ್ ವ್ಯವಸ್ಥೆಯಲ್ಲಿ ಇದೇ ದಾರಿ ಮುಚ್ಚಿದೆ, ಮತ್ತು ಮುಚ್ಚಿರುವುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಲೇಯರ್‌ಗೆ ಅನಿಮೇಷನ್ ಸೇರಿಸಿದ ಕ್ಷಣದಲ್ಲಿ ಲೇಯರ್ ಅದರ ಪ್ರತಿಯನ್ನು ಮಾಡಿಕೊಳ್ಳುತ್ತದೆ, ಮೂಲವನ್ನು ಇಟ್ಟುಕೊಳ್ಳುವುದಿಲ್ಲ. 'ಅನಿಮೇಷನ್ ಡಿಡ್ ಸ್ಟಾಪ್' ಮೆಥಡ್‌ಗೆ ಬರುವುದು ಆ ಪ್ರತಿ. ನಾವು ಪ್ರಾಪರ್ಟಿಯಲ್ಲಿ ಜೋಪಾನವಾಗಿ ಇಟ್ಟ ಮೂಲ ವಸ್ತುವಿನೊಂದಿಗೆ ಹೋಲಿಸಿದರೆ ಉತ್ತರ ಯಾವಾಗಲೂ ಸುಳ್ಳು. ಕೋಡ್ ಕಂಪೈಲ್ ಆಗುತ್ತದೆ, ಕ್ರ್ಯಾಶ್ ಆಗುವುದಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಷರತ್ತಿನೊಳಗಿನ ಸಾಲು ಮಾತ್ರ ಎಂದೂ ಓಡುವುದಿಲ್ಲ. ಈ ಒಂದು ಕಾರಣದಿಂದ ಐಒಎಸ್‌ನಲ್ಲಿ ಈ ಆಯ್ಕೆಯನ್ನು ಪಟ್ಟಿಯಿಂದಲೇ ತೆಗೆದುಹಾಕಬಹುದು.

ಆಂಡ್ರಾಯ್ಡ್‌ನಲ್ಲೂ ಒಂದು ಮಿತಿಯಿದೆ. 'ವ್ಯೂ.ಅನಿಮೇಟ್' ಎಂದು ಕರೆದಾಗ ಸಿಗುವ ವ್ಯೂ ಪ್ರಾಪರ್ಟಿ ಅನಿಮೇಟರ್ ಒಳಗೊಳಗೇ ಒಂದು ವ್ಯಾಲ್ಯೂ ಅನಿಮೇಟರ್ ರಚಿಸಿಕೊಳ್ಳುತ್ತದೆ, ಮತ್ತು ಲಿಸನರ್‌ಗೆ ಬರುವುದು ನಮ್ಮ ಕೈಗೆ ಎಂದೂ ಸಿಗದಿದ್ದ ಆ ವಸ್ತು. ಹೋಲಿಸಲು ನಮ್ಮ ಬಳಿ ಏನೂ ಇರುವುದಿಲ್ಲ. ಅದಕ್ಕಿಂತ ಅಪಾಯಕಾರಿಯಾದ ಸಂಗತಿಯೆಂದರೆ ಅದರ 'ಸೆಟ್ ಲಿಸನರ್' ಮೂಲಕ ಇಟ್ಟ ಲಿಸನರ್ ಆ ವ್ಯೂಗೆ ಅಂಟಿಕೊಂಡೇ ಇರುತ್ತದೆ. ಮೊದಲ ಬಾರಿ ವ್ಯೂವನ್ನು ಮರೆಮಾಡಲು ಲಿಸನರ್ ಇಟ್ಟು, ಮುಂದೊಮ್ಮೆ ಅದೇ ವ್ಯೂವನ್ನು ಲಿಸನರ್ ಇಲ್ಲದೆ ಮೇಲಕ್ಕೆ ತಂದರೆ, ಹಳೆಯ ಲಿಸನರ್ ಮತ್ತೆ ಓಡಿ ಬಂದ ವ್ಯೂವನ್ನು ಮರೆಮಾಡಿಬಿಡುತ್ತದೆ. ಆಂಡ್ರಾಯ್ಡ್ 4.1ರಲ್ಲಿ, ಅಂದರೆ ಎಪಿಐ 16ರಲ್ಲಿ ಬಂದ 'ವಿತ್ ಎಂಡ್ ಆ್ಯಕ್ಷನ್' ಈ ತೊಡಕನ್ನು ತಪ್ಪಿಸುತ್ತದೆ: ಅದು ಆ ಒಂದು ಓಟಕ್ಕೆ ಮಾತ್ರ ಸೇರಿದ್ದು, ಸಹಜವಾಗಿ ಮುಗಿದರೆ ಮಾತ್ರ ಓಡುತ್ತದೆ, ರದ್ದಾದರೆ ಓಡುವುದಿಲ್ಲ. ವ್ಯೂ ಪ್ರಾಪರ್ಟಿ ಅನಿಮೇಟರ್ ಬಳಸುವವರು ಲಿಸನರ್‌ಗಿಂತ ಮೊದಲು ಇದನ್ನು ಪರಿಗಣಿಸಬೇಕು.

ಲೇಯರ್‌ನ ಕೀ

ಐಒಎಸ್‌ನಲ್ಲಿ ಅನಿಮೇಷನ್ ಸೇರಿಸುವಾಗ ಒಂದು ಕೀ ಕೊಡುತ್ತೇವೆ. ಆ ಕೀಯನ್ನೇ ಕಾಲ್‌ಬ್ಯಾಕ್‌ನಲ್ಲಿ ಕೇಳಿ ಪಡೆಯಬಹುದು ಎಂಬ ನಿರೀಕ್ಷೆ ಸಹಜವಾದದ್ದು. ಆದರೆ ಕೀ ಲೇಯರ್‌ನ ಪುಸ್ತಕದಲ್ಲಿ ದಾಖಲಾಗುವ ಹೆಸರು. ಅನಿಮೇಷನ್‌ಗೆ ತನ್ನ ಕೀ ಯಾವುದೆಂದು ಗೊತ್ತಿರುವುದಿಲ್ಲ. ಹಾಗಾಗಿ ಹಿಮ್ಮುಖವಾಗಿ ಹೋಗಬೇಕು: ಈ ಕೀಯಲ್ಲಿ ನಿನ್ನ ಬಳಿ ಇರುವ ಅನಿಮೇಷನ್ ಯಾವುದು ಎಂದು ಲೇಯರನ್ನು ಕೇಳಿ, ಬಂದದ್ದನ್ನು ಕಾಲ್‌ಬ್ಯಾಕ್‌ನ ವಸ್ತುವಿನೊಂದಿಗೆ ಹೋಲಿಸಬೇಕು. ಇಲ್ಲಿ ಎರಡೂ ಒಂದೇ ಪ್ರತಿಯಾಗಿರುವುದರಿಂದ ಹೋಲಿಕೆ ಗೆಲ್ಲುತ್ತದೆ.

ಗೆಲ್ಲುವುದಕ್ಕೆ ಒಂದು ಷರತ್ತಿದೆ. ಮುಗಿದ ಅನಿಮೇಷನ್‌ಗಳನ್ನು ಲೇಯರ್ ತಾನಾಗಿಯೇ ತೆಗೆದುಹಾಕುತ್ತದೆ, ಮತ್ತು ಡೆಲಿಗೇಟ್‌ಗೆ ಸುದ್ದಿ ತಲುಪುವಷ್ಟರಲ್ಲಿ ಅದು ನಡೆದುಹೋಗಿರುತ್ತದೆ. ಕೀ ಕೇಳಿದರೆ ಸಿಗುವುದು ಖಾಲಿ. ಆದುದರಿಂದ 'ಈಸ್ ರಿಮೂವ್ಡ್ ಆನ್ ಕಂಪ್ಲೀಷನ್' ಎಂಬುದನ್ನು ಇಲ್ಲವೆಂದು ಮಾಡಿ, ಕಾಲ್‌ಬ್ಯಾಕ್‌ನಲ್ಲಿ ಗುರುತು ಹಿಡಿದ ಮೇಲೆ ಅನಿಮೇಷನನ್ನು ನಾವೇ ಕೈಯಾರೆ ತೆಗೆಯಬೇಕು. ತೆಗೆಯಲು ಮರೆತರೆ ಮೂರನೆಯ ಅಳತೆಗೋಲಿನಲ್ಲಿ ಈ ವಿಧಾನ ಸೋಲುತ್ತದೆ. ಕೋರ್ ಅನಿಮೇಷನ್ ತನ್ನ ಡೆಲಿಗೇಟನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಆಪಲ್‌ನ ಬೇರೆ ಡೆಲಿಗೇಟ್‌ಗಳ ರೂಢಿಗೆ ಇದು ಹೊರತಾದದ್ದು, ಅದರ ದಸ್ತಾವೇಜಿನಲ್ಲೇ ಹೀಗೆಂದು ಹೇಳಲಾಗಿದೆ. ವ್ಯೂ ಕಂಟ್ರೋಲರ್ ತನ್ನ ವ್ಯೂವನ್ನು, ವ್ಯೂ ತನ್ನ ಲೇಯರನ್ನು, ಲೇಯರ್ ಅನಿಮೇಷನನ್ನು, ಅನಿಮೇಷನ್ ಮತ್ತೆ ಡೆಲಿಗೇಟ್ ಆದ ಅದೇ ಕಂಟ್ರೋಲರನ್ನು ಹಿಡಿದುಕೊಂಡು ಒಂದು ಸರಪಳಿ ಏರ್ಪಡುತ್ತದೆ. ಅನಿಮೇಷನ್ ತಾನಾಗಿ ತೊಲಗುವಾಗ ಸರಪಳಿ ತಾನೇ ಕಡಿಯುತ್ತಿತ್ತು. ಅದನ್ನು ಉಳಿಸಿಕೊಂಡದ್ದರಿಂದ ಕಡಿಯುವ ಹೊಣೆ ನಮ್ಮದಾಯಿತು. ಅಲ್ಲದೆ ಹೋಲಿಕೆಗಾಗಿ ಯಾವ ಲೇಯರ್ ಎಂಬುದು ಮೊದಲೇ ಗೊತ್ತಿರಬೇಕು. ಐದು ಲೇಯರ್‌ಗಳಿದ್ದರೆ ಐದನ್ನೂ ಕೇಳುತ್ತ ಹೋಗಬೇಕು.

ಹಳೆಯ ಕೋಡ್‌ನಲ್ಲಿ ಇದು ಈಗಾಗಲೇ ಇದ್ದು ಸರಿಯಾಗಿ ನಡೆಯುತ್ತಿದ್ದರೆ ಕೆದಕುವ ಅಗತ್ಯವಿಲ್ಲ. ಹೊಸದಾಗಿ ಬರೆಯುವಾಗ ಇದನ್ನು ಆರಿಸಲು ನನಗೆ ಒಂದೂ ಕಾರಣ ಕಾಣುವುದಿಲ್ಲ.

ಅನಿಮೇಷನ್‌ಗೇ ಗುರುತು ಕಟ್ಟುವುದು

ಕೋರ್ ಅನಿಮೇಷನ್‌ನ ಅನಿಮೇಷನ್ ಮತ್ತು ಲೇಯರ್ ವರ್ಗಗಳಿಗೆ ಒಂದು ವಿಶೇಷ ಗುಣವಿದೆ. ಕೀ-ವ್ಯಾಲ್ಯೂ ಕೋಡಿಂಗ್ (ಹೆಸರಿನ ಮೂಲಕ ಮೌಲ್ಯ ಇಡುವ, ಓದುವ ಪದ್ಧತಿ) ಮೂಲಕ ನಮಗೆ ಬೇಕಾದ ಯಾವ ಹೆಸರಿನಲ್ಲಾದರೂ ಯಾವ ಮೌಲ್ಯವನ್ನಾದರೂ ಅವುಗಳೊಳಗೆ ಇಡಬಹುದು; ಆ ಹೆಸರಿನ ಪ್ರಾಪರ್ಟಿ ವರ್ಗದಲ್ಲಿ ಘೋಷಣೆಯಾಗಿರಬೇಕೆಂದಿಲ್ಲ. ಸಾಮಾನ್ಯ ವಸ್ತುವಿನ ಮೇಲೆ ಹೀಗೆ ಮಾಡಿದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ, ಇಲ್ಲಿ ಆಗುವುದಿಲ್ಲ. ಲೇಯರ್ ಪ್ರತಿ ಮಾಡಿಕೊಳ್ಳುವಾಗ ಈ ಮೌಲ್ಯಗಳೂ ಪ್ರತಿಯೊಂದಿಗೆ ಹೋಗುತ್ತವೆ ಎಂಬುದು ಇಲ್ಲಿ ನಮಗೆ ನಿಜವಾಗಿ ಉಪಯೋಗಕ್ಕೆ ಬರುವ ಅಂಶ. ಲೇಯರ್‌ಗೆ ಸೇರಿಸುವ ಮುನ್ನ 'ಅನಿಮೇಷನ್ ಐಡಿ' ಎಂಬ ಹೆಸರಿನಲ್ಲಿ 'ಫಲಕ ತೆರೆ' ಎಂಬ ಸ್ಟ್ರಿಂಗ್ ಇಟ್ಟರೆ, ಕಾಲ್‌ಬ್ಯಾಕ್‌ನಲ್ಲಿ ಅದನ್ನು ಹಾಗೆಯೇ ಓದಬಹುದು.

ಡೆಲಿಗೇಟ್ ಮೆಥಡ್ ಒಂದೇ ಆಗಿರಲೇಬೇಕೆಂಬ ಒತ್ತಾಯವಿದ್ದಾಗ ಇದು ಐಒಎಸ್‌ನಲ್ಲಿ ಅತ್ಯುತ್ತಮ ಆಯ್ಕೆ. ಗುರುತು ಹುಟ್ಟಿನಲ್ಲೇ ಕಟ್ಟಲ್ಪಡುತ್ತದೆ, ಪ್ರತಿಯಾದರೂ ಉಳಿಯುತ್ತದೆ, ಸ್ವಯಂ ತೆಗೆದುಹಾಕುವಿಕೆಯನ್ನು ಮುಟ್ಟಬೇಕಾಗಿಲ್ಲ, ಯಾವ ಲೇಯರ್ ಎಂದು ತಿಳಿದಿರಬೇಕಾಗಿಯೂ ಇಲ್ಲ. ಹಳೆಯ ಕೋಡ್‌ಗೆ ಸೇರಿಸಲು ಪ್ರತಿ ಅನಿಮೇಷನ್‌ಗೆ ಒಂದು ಸಾಲು, ಕಾಲ್‌ಬ್ಯಾಕ್‌ನಲ್ಲಿ ಒಂದು ಸ್ವಿಚ್ ಸಾಕು. ಸಂಜೆಯೊಳಗೆ ಮುಗಿಸಬೇಕಾದವರು ಇದನ್ನೇ ಆರಿಸಬೇಕು.

ಇದರ ದೌರ್ಬಲ್ಯ ಸ್ಟ್ರಿಂಗ್‌ಗಳಲ್ಲಿದೆ. ಒಂದು ಅಕ್ಷರ ತಪ್ಪಿದರೆ ಕಂಪೈಲರ್ ಹಿಡಿಯುವುದಿಲ್ಲ. ಸ್ವಿಫ್ಟ್ ಭಾಷೆಯಲ್ಲಿ ಸ್ಟ್ರಿಂಗ್ ಮೌಲ್ಯದ ಒಂದು ಎನಮ್ (ನಿಗದಿತ ಹೆಸರುಗಳ ಪಟ್ಟಿ) ಮಾಡಿ, ಬರೆಯುವಾಗ ಅದರ ಕಚ್ಚಾ ಮೌಲ್ಯವನ್ನು ಕೊಟ್ಟು, ಓದುವಾಗ ಮತ್ತೆ ಎನಮ್‌ಗೆ ಪರಿವರ್ತಿಸಿಕೊಂಡರೆ ಈ ದೌರ್ಬಲ್ಯ ಬಹುಮಟ್ಟಿಗೆ ನೀಗುತ್ತದೆ, ಮತ್ತು ಸ್ವಿಚ್‌ನಲ್ಲಿ ಒಂದು ಪ್ರಕರಣ ಬಿಟ್ಟುಹೋದರೆ ಕಂಪೈಲರ್ ನೆನಪಿಸುತ್ತದೆ. ಅನಿಮೇಷನ್‌ಗಳ ಸಂಖ್ಯೆ ಹೆಚ್ಚಿದಂತೆ ಸ್ವಿಚ್ ಉದ್ದವಾಗುವುದನ್ನು ಮಾತ್ರ ತಪ್ಪಿಸಲಾಗದು. ಇದೇ ತಂತ್ರದಿಂದ ಸ್ಟ್ರಿಂಗ್ ಬದಲಿಗೆ ಕ್ಲೋಶರನ್ನೇ ಅನಿಮೇಷನ್‌ನೊಳಗೆ ಇಟ್ಟು, ಕಾಲ್‌ಬ್ಯಾಕ್‌ನಲ್ಲಿ ಅದನ್ನು ಹೊರತೆಗೆದು ಓಡಿಸುವವರೂ ಇದ್ದಾರೆ. ಆಗ ಸ್ವಿಚ್ ಬೇಕಾಗುವುದಿಲ್ಲ. ಆದರೆ ಆ ಕ್ಲೋಶರ್ ಯಾರನ್ನು ಹಿಡಿದುಕೊಂಡಿದೆ ಎಂಬುದನ್ನು ನೋಡಿಕೊಳ್ಳಬೇಕು.

ಅನಿಮೇಷನ್ ಗ್ರೂಪ್ ಬಳಸುವವರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗ್ರೂಪ್‌ನೊಳಗಿನ ಬಿಡಿ ಅನಿಮೇಷನ್‌ಗಳ ಡೆಲಿಗೇಟ್‌ಗಳನ್ನು ಕೋರ್ ಅನಿಮೇಷನ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗುರುತನ್ನೂ ಡೆಲಿಗೇಟನ್ನೂ ಗ್ರೂಪ್‌ಗೇ ಕೊಡಬೇಕು. ಒಳಗಿನ ಪ್ರತಿಯೊಂದರ ಮುಕ್ತಾಯವೂ ಬೇರೆಬೇರೆಯಾಗಿ ತಿಳಿಯಬೇಕಿದ್ದರೆ ಗ್ರೂಪ್ ಸೂಕ್ತವಲ್ಲ, ಬಿಡಿಯಾಗಿಯೇ ಸೇರಿಸಬೇಕು.

ಆಂಡ್ರಾಯ್ಡ್‌ನ ಅನಿಮೇಟರ್‌ಗೆ ಇಂಥ ಟ್ಯಾಗ್ ಇಡುವ ಸೌಲಭ್ಯವಿಲ್ಲ. ವ್ಯೂಗೆ ಟ್ಯಾಗ್ ಇದೆ, ಆದರೆ ಒಂದೇ ವ್ಯೂ ಮೇಲೆ ಎರಡು ಅನಿಮೇಟರ್‌ಗಳು ಓಡುವಾಗ ಅದು ಉಪಯೋಗಕ್ಕೆ ಬಾರದು. ಅಲ್ಲಿ ಇದರ ಅಗತ್ಯವೂ ಅಷ್ಟಾಗಿ ಇಲ್ಲ, ಏಕೆಂದರೆ ಪ್ರತಿ ಅನಿಮೇಟರ್‌ಗೆ ತನ್ನದೇ ಲಿಸನರ್ ಕೊಡುವುದು ಸುಲಭ.

ಬೇರೆಬೇರೆ ಡೆಲಿಗೇಟ್‌ಗಳು

ಎಲ್ಲ ಸುದ್ದಿಯೂ ಒಂದೇ ಬಾಗಿಲಿಗೆ ಬರುವುದರಿಂದಲೇ ತೊಡಕು ಎಂದಾದರೆ, ಪ್ರತಿ ಅನಿಮೇಷನ್‌ಗೂ ಒಂದು ಚಿಕ್ಕ ಡೆಲಿಗೇಟ್ ವಸ್ತುವನ್ನು ಮಾಡಿಕೊಡಬಹುದು. ಐಒಎಸ್‌ನಲ್ಲಿ ಡೆಲಿಗೇಟನ್ನು ಅನಿಮೇಷನ್ ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಇಲ್ಲಿ ಅನುಕೂಲವಾಗಿ ಪರಿಣಮಿಸುತ್ತದೆ: ಆ ಚಿಕ್ಕ ವಸ್ತುವನ್ನು ನಾವು ಬೇರೆಲ್ಲೂ ಇಟ್ಟುಕೊಳ್ಳಬೇಕಾಗಿಲ್ಲ, ಅನಿಮೇಷನ್ ಇರುವವರೆಗೆ ಅದೂ ಇರುತ್ತದೆ, ಅನಿಮೇಷನ್‌ನೊಂದಿಗೆ ಅದೂ ಹೋಗುತ್ತದೆ. 2016ರ ಐಒಎಸ್ 10 ಎಸ್‌ಡಿಕೆಯಿಂದ ಈ ಡೆಲಿಗೇಟ್ ಔಪಚಾರಿಕ ಪ್ರೊಟೊಕಾಲ್ ಆಗಿರುವುದರಿಂದ ಅಂಥ ವಸ್ತುವನ್ನು ಬರೆಯುವುದು ಸ್ಪಷ್ಟವಾಗಿಯೂ ಆಗಿದೆ.

ಹಲವು ಪರದೆಗಳಲ್ಲಿ ಒಂದೇ ಬಗೆಯ ಅನಿಮೇಷನ್ ಮರುಬಳಕೆಯಾಗುವ ಆ್ಯಪ್‌ಗಳಿಗೆ, ಅಥವಾ ಇತರರು ಬಳಸುವ ಲೈಬ್ರರಿ ಬರೆಯುವವರಿಗೆ ಇದು ಹೊಂದುತ್ತದೆ. ಒಂದೇ ಪರದೆಯ ಎರಡು ಅನಿಮೇಷನ್‌ಗಳಿಗಾಗಿ ಎರಡು ಹೊಸ ವರ್ಗ ಬರೆಯುವುದು ಅನಗತ್ಯ ಭಾರ. ಪ್ರಾಯೋಗಿಕವಾಗಿ ಹೆಚ್ಚಿನವರು ಒಂದೇ ವರ್ಗ ಬರೆದು, ಅದರೊಳಗೆ ಮುಕ್ತಾಯದ ಕ್ಲೋಶರನ್ನು ಇಟ್ಟುಕೊಂಡು, ಎಲ್ಲೆಡೆ ಅದನ್ನೇ ಬಳಸುತ್ತಾರೆ. ಹಾಗೆ ಮಾಡಿದಾಗ ಈ ವಿಧಾನ ಮುಂದಿನದರೊಂದಿಗೆ ಸೇರಿಹೋಗುತ್ತದೆ.

ಕ್ಲೋಶರ್

2010ರಲ್ಲಿ ಐಒಎಸ್ 4 ಬರುವವರೆಗೆ ಯುಐವ್ಯೂ (ಐಒಎಸ್‌ನ ವ್ಯೂ ವರ್ಗ) ಅನಿಮೇಷನ್‌ಗಳನ್ನು 'ಬಿಗಿನ್ ಅನಿಮೇಷನ್ಸ್' ಎಂದು ತೆರೆದು, ಅಲ್ಲೇ ಒಂದು ಅನಿಮೇಷನ್ ಐಡಿ ಕೊಟ್ಟು, ಮುಗಿದಾಗ ಕರೆಯಬೇಕಾದ ಸೆಲೆಕ್ಟರನ್ನು (ಮೆಥಡ್‌ನ ಹೆಸರು) ಸೂಚಿಸಬೇಕಾಗಿತ್ತು. ಆ ಐಡಿ ಕಾಲ್‌ಬ್ಯಾಕ್‌ಗೆ ಮರಳಿ ಬರುತ್ತಿತ್ತು. ಗುರುತಿನ ಸಮಸ್ಯೆಗೆ ಅದೂ ಒಂದು ಉತ್ತರವಾಗಿತ್ತು. ಐಒಎಸ್ 4 ತಂದ ಬ್ಲಾಕ್ (ಆಬ್ಜೆಕ್ಟಿವ್-ಸಿ ಭಾಷೆಯಲ್ಲಿ ಕ್ಲೋಶರ್‌ಗೆ ಇರುವ ಹೆಸರು) ಆಧಾರಿತ ಮೆಥಡ್‌ಗಳು ಪ್ರಶ್ನೆಯನ್ನೇ ಇಲ್ಲವಾಗಿಸಿದವು, ಹಳೆಯ ಶೈಲಿ ಐಒಎಸ್ 13ರಲ್ಲಿ ಅಧಿಕೃತವಾಗಿ ಬಳಕೆಯಿಂದ ಹಿಂದೆ ಸರಿಯಿತು.

ಕ್ಲೋಶರ್‌ನ ಬಲ ಇರುವುದು ಇಲ್ಲಿಯೇ. ಫಲಕವನ್ನು ಮೇಲೇರಿಸುವ ಸಾಲಿನ ಪಕ್ಕದಲ್ಲೇ ಫಲಕ ನಿಂತ ಮೇಲೆ ನಡೆಯಬೇಕಾದ ಕೆಲಸ ಬರೆದಿರುತ್ತದೆ. ಯಾವ ಅನಿಮೇಷನ್ ಎಂದು ಕೇಳಬೇಕಾದ ಸಂದರ್ಭವೇ ಹುಟ್ಟುವುದಿಲ್ಲ. ಮುಂದೆ ಆ ಕೋಡ್ ಓದುವವರು ಹುಡುಕಾಡಬೇಕಾಗುವುದಿಲ್ಲ. ಯುಐವ್ಯೂನ ಮುಕ್ತಾಯದ ಕ್ಲೋಶರ್‌ಗೆ ಪೂರ್ತಿಯಾಯಿತೇ ಇಲ್ಲವೇ ಎಂಬ ಬೂಲಿಯನ್ ಬರುತ್ತದೆ. ಐಒಎಸ್ 10ರಲ್ಲಿ ಬಂದ ಯುಐವ್ಯೂ ಪ್ರಾಪರ್ಟಿ ಅನಿಮೇಟರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅನಿಮೇಷನ್ ಕೊನೆಯಲ್ಲಿ ನಿಂತಿತೇ, ಆರಂಭಕ್ಕೆ ಮರಳಿತೇ, ನಡುವೆ ನಿಂತಿತೇ ಎಂಬುದನ್ನು ತಿಳಿಸುತ್ತದೆ. ಬೆರಳಿನಿಂದ ಎಳೆದು ನಡುವೆ ಬಿಡಬಹುದಾದ ಫಲಕಗಳಿಗೆ ಈ ಮೂರರ ಭೇದ ಅತ್ಯಗತ್ಯ. ಆದರೆ 'ಸ್ಟಾಪ್ ಅನಿಮೇಷನ್' ಎಂಬುದಕ್ಕೆ ಹೌದೆಂಬ ಮೌಲ್ಯ ಕೊಟ್ಟು ನಿಲ್ಲಿಸಿದರೆ ಮುಕ್ತಾಯದ ಕ್ಲೋಶರ್‌ಗಳು ಓಡುವುದಿಲ್ಲ. ಅವು ಓಡಲೇಬೇಕಿದ್ದರೆ ಇಲ್ಲವೆಂಬ ಮೌಲ್ಯ ಕೊಟ್ಟು, ಅನಂತರ ಯಾವ ಸ್ಥಾನದಲ್ಲಿ ಮುಗಿಯಿತೆಂದು ಹೇಳಿ ಮುಗಿಸಬೇಕು.

ಆಂಡ್ರಾಯ್ಡ್‌ನಲ್ಲಿ ಪ್ರತಿ ಅನಿಮೇಟರ್‌ಗೆ ಪ್ರತ್ಯೇಕ ಲಿಸನರ್ ಸೇರಿಸುವುದು ಇದಕ್ಕೆ ಸಮಾನ. ನಾಲ್ಕೂ ಮೆಥಡ್‌ಗಳನ್ನು ಬರೆಯುವ ಬೇಸರ ಬೇಡವೆಂದರೆ ಅನಿಮೇಟರ್ ಲಿಸನರ್ ಅಡಾಪ್ಟರ್ ಇದೆ. ಕೋಟ್ಲಿನ್‌ನಲ್ಲಿ ಆಂಡ್ರಾಯ್ಡ್‌ಎಕ್ಸ್ ಕೋರ್‌ನ 'ಡೂ ಆನ್ ಎಂಡ್' ಎಂಬ ಒಂದೇ ಕರೆ ಸಾಕು. ಇಲ್ಲಿ ಎರಡನೆಯ ಅಳತೆಗೋಲು ಮುಖ್ಯವಾಗುತ್ತದೆ. ಅನಿಮೇಟರನ್ನು ರದ್ದುಮಾಡಿದಾಗ ಮೊದಲು ರದ್ದಾದ ಸುದ್ದಿ, ಅದರ ಬೆನ್ನಿಗೇ ಮುಗಿದ ಸುದ್ದಿ, ಎರಡೂ ಬರುತ್ತವೆ. 'ಡೂ ಆನ್ ಎಂಡ್'ನೊಳಗೆ ಮುಂದಿನ ಪರದೆಗೆ ಹೋಗುವ ಕೋಡ್ ಇದ್ದರೆ, ಬಳಕೆದಾರರು ಅನಿಮೇಷನನ್ನು ತಡೆದಾಗಲೂ ಮುಂದಿನ ಪರದೆ ತೆರೆದುಕೊಳ್ಳುತ್ತದೆ. ರದ್ದಾದ ಸುದ್ದಿ ಬಂದಾಗ ಒಂದು ಬೂಲಿಯನ್ ಗುರುತಿಟ್ಟು, ಮುಗಿದ ಸುದ್ದಿಯಲ್ಲಿ ಅದನ್ನು ನೋಡುವುದು ಅನಿವಾರ್ಯ. ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಂದೇ ಅನಿಮೇಟರನ್ನು ಮುಂದಕ್ಕೂ ಹಿಂದಕ್ಕೂ ಓಡಿಸುವವರಿಗೆ ಎಪಿಐ 26ರಿಂದ ಇನ್ನೊಂದು ಅನುಕೂಲವಿದೆ: ಮುಗಿದ ಸುದ್ದಿಯ ಹೊಸ ರೂಪ ಅದು ಹಿಮ್ಮುಖ ಓಟವೇ ಎಂಬುದನ್ನೂ ಹೇಳುತ್ತದೆ.

ಒಂದೇ ಕೋಡ್‌ನಿಂದ ಎರಡೂ ವೇದಿಕೆಗಳಿಗೆ ಆ್ಯಪ್ ಬರೆಯುವ ಫ್ಲಟರ್‌ನಲ್ಲಿ, ಕಾಲ್‌ಬ್ಯಾಕ್ ಬಳಸುವುದಾದರೆ ಕ್ಲೋಶರ್ ಬಿಟ್ಟು ಬೇರೆ ದಾರಿಯೇ ಇಲ್ಲವೆನ್ನಬಹುದು. ಅನಿಮೇಷನ್ ಕಂಟ್ರೋಲರ್‌ನ ಸ್ಟೇಟಸ್ ಲಿಸನರ್‌ಗೆ ಬರುವುದು ಸ್ಥಿತಿ ಮಾತ್ರ. ಯಾವ ಕಂಟ್ರೋಲರ್ ಎಂಬುದು ಬರುವುದೇ ಇಲ್ಲ. ಎರಡು ಕಂಟ್ರೋಲರ್‌ಗಳಿಗೆ ಒಂದೇ ಫಂಕ್ಷನ್ ಕೊಟ್ಟರೆ ಅವುಗಳನ್ನು ಬೇರ್ಪಡಿಸುವ ಯಾವ ಸುಳಿವೂ ಕೈಯಲ್ಲಿ ಉಳಿಯುವುದಿಲ್ಲ. ಅಂಥದೇ ಇನ್ನೊಂದು ಸಾಧನವಾದ ರಿಯಾಕ್ಟ್ ನೇಟಿವ್‌ನ ಅನಿಮೇಟೆಡ್ ಕೂಡ ಇದೇ ಜಾತಿಗೆ ಸೇರಿದ್ದು: 'ಸ್ಟಾರ್ಟ್'ಗೆ ಕೊಟ್ಟ ಕ್ಲೋಶರ್‌ಗೆ ಪೂರ್ತಿಯಾಯಿತೇ ಎಂಬ ಮಾಹಿತಿ ಬರುತ್ತದೆ, ಹೆಸರು ಬರುವುದಿಲ್ಲ.

ಕ್ಲೋಶರ್‌ನ ಕೊರತೆ ಕಾಣುವುದು ಸರಣಿ ಬೆಳೆದಾಗ. ಒಂದು ಮುಗಿದ ಮೇಲೆ ಇನ್ನೊಂದು, ಅದರೊಳಗೆ ಮತ್ತೊಂದು ಎಂದು ನಾಲ್ಕು ಹಂತ ಒಳಗೆ ಹೋದರೆ ಕೋಡ್ ಬಲಕ್ಕೆ ಜಾರುತ್ತ ಓದಲಾಗದಂತಾಗುತ್ತದೆ.

ಕಾದು ಮುಂದುವರಿಯುವ ಶೈಲಿ

ಸರಣಿಯೇ ಮುಖ್ಯವಾಗಿದ್ದರೆ ಅಸಿಂಕ್ ಶೈಲಿ, ಅಂದರೆ ಒಂದು ಕೆಲಸ ಮುಗಿಯುವವರೆಗೆ ಕಾದು ಮುಂದಿನ ಸಾಲಿಗೆ ಹೋಗುವ ಶೈಲಿ, ನೇರವಾದ ಪರಿಹಾರ. ಆಂಡ್ರಾಯ್ಡ್‌ನ ಹೊಸ ಪರದೆ ರಚನಾ ವ್ಯವಸ್ಥೆಯಾದ ಜೆಟ್‌ಪ್ಯಾಕ್ ಕಂಪೋಸ್‌ನ ಅನಿಮೇಟಬಲ್‌ನ 'ಅನಿಮೇಟ್ ಟು' ಸಸ್ಪೆಂಡ್ ಫಂಕ್ಷನ್ (ನಡುವೆ ನಿಂತು ಕಾಯಬಲ್ಲ ಫಂಕ್ಷನ್) ಆಗಿರುವುದರಿಂದ, ಅದರ ಕೆಳಗಿನ ಸಾಲು ಓಡುವುದೇ ಅದು ಮುಗಿದ ಮೇಲೆ. ಹೊಸ ಗುರಿಯೊಂದಿಗೆ ಅದನ್ನೇ ಮತ್ತೆ ಕರೆದರೆ ಹಳೆಯ ಕರೆ ರದ್ದಾಗಿ ಅದರ ಕೆಳಗಿನ ಸಾಲುಗಳು ಓಡುವುದಿಲ್ಲ. ಗುರುತು, ಕ್ರಮ, ರದ್ದು, ಮೂರನ್ನೂ ಭಾಷೆಯೇ ನೋಡಿಕೊಳ್ಳುತ್ತದೆ. ಹೊಸ ಆಂಡ್ರಾಯ್ಡ್ ಆ್ಯಪ್ ಬರೆಯುವವರಿಗೆ ನಾನು ಇದಕ್ಕಿಂತ ಬೇರೆ ಯಾವುದನ್ನೂ ಸೂಚಿಸುವುದಿಲ್ಲ.

ಫ್ಲಟರ್‌ನಲ್ಲೂ 'ಫಾರ್ವರ್ಡ್' ಕರೆದು ಕಾಯಬಹುದು, ಆದರೆ ಅಲ್ಲಿ ಒಂದು ಸೂಕ್ಷ್ಮವಿದೆ: ಓಟ ನಡುವೆ ರದ್ದಾದರೆ ಅದು ಕೊಡುವ ಫ್ಯೂಚರ್ (ನಾವು ಕಾಯುವ ಫಲಿತಾಂಶದ ವಸ್ತು) ಎಂದೂ ಪೂರ್ಣಗೊಳ್ಳುವುದಿಲ್ಲ, ಕಾಯುತ್ತಿರುವ ಫಂಕ್ಷನ್ ಅಲ್ಲೇ ನಿಂತುಬಿಡುತ್ತದೆ. 'ಆರ್ ಕ್ಯಾನ್ಸಲ್' ಬಳಸಿದರೆ ರದ್ದಾದಾಗ ಎಕ್ಸೆಪ್ಷನ್ ಬರುತ್ತದೆ, ಅದನ್ನು ಹಿಡಿದು ಮುಂದುವರಿಯಬಹುದು. ಸ್ವಿಫ್ಟ್‌ನಲ್ಲಿ ಹಳೆಯ ಕಾಲ್‌ಬ್ಯಾಕನ್ನು ಕಂಟಿನ್ಯುವೇಷನ್‌ನೊಳಗೆ (ಕಾಯುತ್ತಿರುವ ಕೋಡನ್ನು ಮತ್ತೆ ಎಬ್ಬಿಸುವ ವಸ್ತು) ಸುತ್ತಿ ಅಸಿಂಕ್ ಮಾಡಬಹುದು. ಆ ಕಂಟಿನ್ಯುವೇಷನನ್ನು ಸರಿಯಾಗಿ ಒಮ್ಮೆ ಮಾತ್ರ ಎಬ್ಬಿಸಬೇಕೆಂಬ ನಿಯಮ ಕಟ್ಟುನಿಟ್ಟಾದದ್ದು. ಅಂತ್ಯವಿಲ್ಲದೆ ಮರುಕಳಿಸುವ ಅನಿಮೇಷನನ್ನು ಹೀಗೆ ಸುತ್ತಬಾರದು, ಅದು ತಾನಾಗಿ ಮುಗಿಯುವುದೇ ಇಲ್ಲ.

ಎಲ್ಲವೂ ಮುಗಿದ ಸುದ್ದಿ ಮಾತ್ರ ಬೇಕಾದಾಗ

ಯಾವುದು ಮುಗಿಯಿತು ಎಂಬುದು ನಿಜಕ್ಕೂ ಬೇಕೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಎಷ್ಟೋ ಪರದೆಗಳಲ್ಲಿ ಬೇಕಾಗಿರುವುದು ಮೂರೂ ಮುಗಿದವು ಎಂಬ ಒಂದೇ ಸುದ್ದಿ. ಕೈಯಲ್ಲಿ ಎಣಿಕೆ ಇಟ್ಟುಕೊಂಡು ಪ್ರತಿ ಕಾಲ್‌ಬ್ಯಾಕ್‌ನಲ್ಲಿ ಒಂದೊಂದು ಕಳೆಯುವ ಬದಲು ಐಒಎಸ್‌ನಲ್ಲಿ ಸಿಎ ಟ್ರಾನ್ಸಾಕ್ಷನ್‌ನ (ಲೇಯರ್‌ಗಳ ಹಲವು ಬದಲಾವಣೆಗಳನ್ನು ಒಂದು ಗುಂಪಾಗಿಸುವ ವ್ಯವಸ್ಥೆ) ಮುಕ್ತಾಯದ ಬ್ಲಾಕ್ ಬಳಸಬಹುದು. ಬ್ಲಾಕನ್ನು ಅನಿಮೇಷನ್‌ಗಳಿಗಿಂತ ಮೊದಲು ಇಡಬೇಕು, ಏಕೆಂದರೆ ಅದು ತನ್ನ ನಂತರ ಸೇರಿದವುಗಳಿಗಾಗಿ ಮಾತ್ರ ಕಾಯುತ್ತದೆ. ಯಾವ ಅನಿಮೇಷನ್ನೂ ಸೇರದಿದ್ದರೆ ತಕ್ಷಣವೇ ಓಡಿಬಿಡುತ್ತದೆ. ಪೂರ್ತಿಯಾದವೋ ತೆಗೆಯಲ್ಪಟ್ಟವೋ ಎಂಬ ಭೇದವನ್ನು ಅದು ಹೇಳುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಅನಿಮೇಟರ್ ಸೆಟ್ ಕೂಡ ಒಂದು ಅನಿಮೇಟರ್ ಆಗಿರುವುದರಿಂದ ಅದಕ್ಕೇ ಲಿಸನರ್ ಇಡಬಹುದು, ಒಳಗಿನವುಗಳಿಗೂ ಬೇರೆ ಬೇರೆ ಇಡಬಹುದು.

ಯಾವ ಸುತ್ತಿನದು ಎಂಬ ಪ್ರಶ್ನೆ

ಮೇಲಿನ ವಿಧಾನಗಳಲ್ಲಿ ಯಾವುದನ್ನು ಆರಿಸಿದರೂ ಉಳಿಯುವ ಒಂದು ಪ್ರಶ್ನೆಯಿದೆ, ಮತ್ತು ಇದನ್ನು ಬಹಳ ಜನ ಗಮನಿಸುವುದಿಲ್ಲ. ಬಳಕೆದಾರರು ಫಲಕವನ್ನು ಬೇಗಬೇಗನೆ ತೆರೆದು, ಮುಚ್ಚಿ, ಮತ್ತೆ ತೆರೆಯುತ್ತಾರೆ. ಮುಚ್ಚುವ ಅನಿಮೇಷನ್‌ನ ತಡವಾದ ಸುದ್ದಿ ಬಂದು ಈಗ ತಾನೇ ತೆರೆದ ಫಲಕವನ್ನು ತೆಗೆದುಹಾಕುತ್ತದೆ. ಇಲ್ಲಿ ಯಾವ ಅನಿಮೇಷನ್ ಎಂಬುದು ಸರಿಯಾಗಿಯೇ ಗೊತ್ತಾಯಿತು. ಅದು ಹಿಂದಿನ ಸುತ್ತಿನದು ಎಂಬುದು ಗೊತ್ತಾಗಲಿಲ್ಲ. ಕೋರ್ ಅನಿಮೇಷನ್‌ನಲ್ಲಿ ಅದೇ ಕೀಯಲ್ಲಿ ಹೊಸದನ್ನು ಸೇರಿಸಿದರೆ ಹಳೆಯದು ತೆಗೆಯಲ್ಪಟ್ಟು, ಅಪೂರ್ಣವೆಂಬ ಗುರುತಿನೊಂದಿಗೆ ಅದರ ಕಾಲ್‌ಬ್ಯಾಕ್ ಬರುತ್ತದೆ. ಹೆಸರು ಎರಡಕ್ಕೂ ಒಂದೇ ಆಗಿರುವುದರಿಂದ ಹೆಸರನ್ನಷ್ಟೇ ನೋಡುವ ಕೋಡ್ ಮೋಸಹೋಗುತ್ತದೆ.

ಇದಕ್ಕೆ ಪರಿಹಾರ ಸರಳವಾದದ್ದು. ಒಂದು ಪೂರ್ಣಾಂಕವನ್ನು ಇಟ್ಟುಕೊಂಡು, ಪ್ರತಿ ಬಾರಿ ಅನಿಮೇಷನ್ ಶುರುಮಾಡುವಾಗ ಒಂದು ಹೆಚ್ಚಿಸಿ, ಆ ಕ್ಷಣದ ಸಂಖ್ಯೆಯನ್ನು ಕ್ಲೋಶರ್ ಹಿಡಿದುಕೊಳ್ಳಲಿ ಅಥವಾ ಕೀ-ವ್ಯಾಲ್ಯೂ ಮೂಲಕ ಅನಿಮೇಷನ್‌ನಲ್ಲಿ ಇರಲಿ. ಮುಗಿದಾಗ ಆ ಸಂಖ್ಯೆ ಈಗಿನ ಸಂಖ್ಯೆಗೆ ಸಮನಾಗಿಲ್ಲದಿದ್ದರೆ ಏನನ್ನೂ ಮಾಡದೆ ಹಿಂದಿರುಗಬೇಕು. ಉದ್ದದ ಪಟ್ಟಿಗಳಲ್ಲಿ ಸಾಲುಗಳ ವ್ಯೂಗಳು ಮರುಬಳಕೆಯಾಗುವುದರಿಂದ ಅಲ್ಲಿ ವ್ಯೂ ಆಗಲಿ, ಸಾಲಿನ ಸ್ಥಾನವಾಗಲಿ ಗುರುತಾಗಲಾರದು. ಆ ಸಾಲು ತೋರಿಸುತ್ತಿದ್ದ ಮಾಹಿತಿಯ ಐಡಿಯನ್ನೇ ಹಿಡಿದುಕೊಂಡು, ಮುಗಿದಾಗ ಆ ವ್ಯೂ ಇನ್ನೂ ಅದೇ ಐಡಿಯನ್ನು ತೋರಿಸುತ್ತಿದೆಯೇ ಎಂದು ನೋಡಬೇಕು.

ಕಾಲ್‌ಬ್ಯಾಕ್‌ನ ಮೇಲೆ ಹೊರಿಸುವ ಹೊರೆಯನ್ನೇ ಕಡಿಮೆ ಮಾಡುವುದು ಇನ್ನೂ ಒಳ್ಳೆಯದು. ಫಲಕ ತೆರೆದಿದೆ ಎಂಬ ಸ್ಥಿತಿಯನ್ನು ಅನಿಮೇಷನ್ ಮುಗಿದ ಮೇಲೆ ಬದಲಿಸದೆ ಶುರುವಿನಲ್ಲೇ ಬದಲಿಸಿ, ಲೇಯರ್‌ನ ಅಂತಿಮ ಮೌಲ್ಯವನ್ನೂ ಆಗಲೇ ಬರೆದುಬಿಟ್ಟರೆ, ಕಾಲ್‌ಬ್ಯಾಕ್‌ಗೆ ಉಳಿಯುವುದು ಕೇವಲ ಅಲಂಕಾರದ ಕೆಲಸ. ಆ್ಯಪ್ ಹಿನ್ನೆಲೆಗೆ ಸರಿದು ಅನಿಮೇಷನ್‌ಗಳು ಅರ್ಧಕ್ಕೆ ತೆಗೆಯಲ್ಪಟ್ಟರೂ, ಆಂಡ್ರಾಯ್ಡ್ ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಅನಿಮೇಟರ್‌ಗಳ ಅವಧಿಯನ್ನು ಸೊನ್ನೆಗೆ ಇಳಿಸಿ ಎಲ್ಲವೂ ಕ್ಷಣದಲ್ಲೇ ಮುಗಿಯುವಂತೆ ಮಾಡಿಕೊಂಡಿದ್ದರೂ ಆ್ಯಪ್‌ನ ಸ್ಥಿತಿ ಸರಿಯಾಗಿಯೇ ಇರುತ್ತದೆ. ಇಷ್ಟು ಮಿಲಿಸೆಕೆಂಡಿನ ನಂತರ ಮುಗಿದಿರುತ್ತದೆ ಎಂದು ಟೈಮರ್ ಇಟ್ಟು ಕಾಯುವವರು ಈ ಸೆಟ್ಟಿಂಗ್‌ಗಳ ಮುಂದೆ ಸೋಲುತ್ತಾರೆ, ಆದುದರಿಂದ ಆ ದಾರಿಯನ್ನು ನಾನು ಹೋಲಿಕೆಗೇ ತೆಗೆದುಕೊಂಡಿಲ್ಲ.

ನಿಮ್ಮ ಸನ್ನಿವೇಶಕ್ಕೆ ಯಾವುದು

ಹಳೆಯ ಐಒಎಸ್ ಕೋಡ್‌ನಲ್ಲಿ ಒಂದೇ ಡೆಲಿಗೇಟ್ ಇದ್ದು ಸಮಯ ಕಡಿಮೆಯಿದ್ದರೆ, ಎನಮ್ ಬೆಂಬಲದ ಕೀ-ವ್ಯಾಲ್ಯೂ ಗುರುತು. ಅದೇ ಕೋಡನ್ನು ನಿಧಾನವಾಗಿ ಸುಧಾರಿಸಲು ಅವಕಾಶವಿದ್ದರೆ, ಕ್ಲೋಶರ್ ಹೊತ್ತ ಒಂದು ಚಿಕ್ಕ ಡೆಲಿಗೇಟ್ ವರ್ಗ ಬರೆದು ಒಂದೊಂದೇ ಅನಿಮೇಷನನ್ನು ಅದಕ್ಕೆ ಸ್ಥಳಾಂತರಿಸುವುದು. ಎರಡೂ ಜೊತೆಜೊತೆಗೆ ಇರಬಲ್ಲವು. ಸಾಮಾನ್ಯ ವ್ಯೂ ಅನಿಮೇಷನ್‌ಗಳಿಗೆ ಯುಐವ್ಯೂನ ಕ್ಲೋಶರ್ ಸಾಕು, ಬೆರಳಿನೊಂದಿಗೆ ಚಲಿಸುವವಕ್ಕೆ ಪ್ರಾಪರ್ಟಿ ಅನಿಮೇಟರ್ ಬೇಕು. ಆಂಡ್ರಾಯ್ಡ್‌ನ ವ್ಯೂ ವ್ಯವಸ್ಥೆಯಲ್ಲಿ ಇರುವವರು ಅನಿಮೇಟರ್‌ಗೊಂದು ಲಿಸನರ್ ಇಟ್ಟು ರದ್ದಾದದ್ದನ್ನು ಪ್ರತ್ಯೇಕವಾಗಿ ಗಮನಿಸಲಿ. ಲಿಸನರ್ ಈಗಾಗಲೇ ಒಂದೇ ಆಗಿದ್ದರೆ ವಸ್ತುವಿನ ನೇರ ಹೋಲಿಕೆ ಅಲ್ಲಿ ತಪ್ಪಲ್ಲ. ಕಂಪೋಸ್‌ನಲ್ಲಿ ಸಸ್ಪೆಂಡ್ ಫಂಕ್ಷನ್, ಫ್ಲಟರ್‌ನಲ್ಲಿ ಕಂಟ್ರೋಲರ್‌ಗೊಂದು ಕ್ಲೋಶರ್ ಅಥವಾ 'ಆರ್ ಕ್ಯಾನ್ಸಲ್' ಸಹಿತ ಕಾಯುವಿಕೆ. ಬಳಕೆದಾರರು ನಡುವೆ ತಡೆಯಬಹುದಾದ ಅನಿಮೇಷನ್ ಆಗಿದ್ದರೆ, ಅಸಿಂಕ್ ಶೈಲಿ ಹಳೆಯ ಓಟವನ್ನು ತಾನೇ ರದ್ದುಮಾಡುವ ಕಡೆ ಬಿಟ್ಟು ಉಳಿದೆಲ್ಲ ಕಡೆ ಸುತ್ತಿನ ಸಂಖ್ಯೆಯನ್ನೂ ಜೊತೆಗೆ ಕಟ್ಟಬೇಕು.